ಬಿದ್ದವನು ಏಳುವವರೆಗೆ

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೆಳಗೂ ಹೋಗದು, ಮೇಲಕ್ಕೂ ಬಾರದು. ಹೊತ್ತವರೆಲ್ಲ ಜೂಡೊ ಕಲಿತ ಗಟ್ಟಿಮುಟ್ಟಾದ ಆಸಾಮಿಗಳು, ಮನುಷ್ಯರನ್ನು ಎತ್ತಿ ಒಗೆಯುವುದರಲ್ಲಿ ಪಳಗಿದವರು. ಒಬ್ಬನನ್ನು ಮೆತ್ತಗೆ ಕೆಳಗಿಳಿಸುವ ಕೆಲಸ ಮಾತ್ರ ಅವರಿಗೆ ಹೊಸದಾಗಿತ್ತು.

"ಸ್ವಲ್ಪ ಓರೆ ಮಾಡ್ರಪ್ಪಾ," ಅಂದ ಮುಂದಿದ್ದ ಟ್ಯಾಕ್ಸಿ ಡ್ರೈವರ್.

"ಓರೆ ಮಾಡಿದ್ರೆ ಒಳಗೆ ಜಾರಲ್ವಾ?"

"ಜಾರಿದ್ರೇನಂತೆ. ದಿಂಬಣ್ಣಂಗೆ ಬೀಳೋದೇನು ಹೊಸದಾ?"

ಯಾರೋ ಕಿಸಕ್ಕನೆ ನಕ್ಕು, ನಕ್ಕಿದ್ದನ್ನು ಕೆಮ್ಮಿನಲ್ಲಿ ಮುಚ್ಚಿಹಾಕಿದರು. ಮೇಲಿನ ಮೆಟ್ಟಿಲಲ್ಲಿ ಅಮ್ಮನ ತೋಳು ಹಿಡಿದು ನಿಂತಿದ್ದ ಮಗಳಿಗೆ ಎಲ್ಲವೂ ಕೇಳಿಸಿತು.

ಅಪ್ಪನ ಕಸುಬು ಬಸ್ಸಿನ ಸೀಟುಗಳಿಗೆ ಫೋಮು ತುಂಬಿ ರೆಕ್ಸಿನ್ ಹೊಲಿಯುವುದು. ಗ್ಯಾರೇಜಿನ ಮೇಲಿನ ಹಾಲಿನಲ್ಲಿ ನಡೆಯುವ ಜೂಡೊ ಶಾಲೆಯ ಮ್ಯಾಟುಗಳು ಹರಿದಿವೆಯೆಂದು ಹೊಲಿದುಕೊಡಲು ಹೋದವನು, ಆ ಮ್ಯಾಟಿನ ಮೇಲೇ ಉಳಿದುಬಿಟ್ಟ. ಆಗಲೇ ಅವನ ತಲೆಗೂದಲು ನೆರೆಯತೊಡಗಿತ್ತು. ಫೋಮಿನ ಕೆಲಸ, ಮೇಲಾಗಿ ಯಾರು ಹೇಗೆ ಎಸೆದರೂ ನೋವೇ ಇಲ್ಲದವನ ಹಾಗೆ ಬೀಳುವ ಮೈ. ಎರಡೂ ಸೇರಿ ದಿಂಬಣ್ಣ ಎಂಬ ಹೆಸರು ಅಂಟಿತು. ಹಾಗೆ ಕರೆದರೆ ಅಪ್ಪ ಹಲ್ಲು ಕಿರಿಯುತ್ತಿದ್ದ. ಮಗಳಿಗೆ ಮೈ ಉರಿಯುತ್ತಿತ್ತು. ನಮ್ಮಪ್ಪ ಊರವರ ಕೈಲೆಲ್ಲ ಎಸೆಯಿಸಿಕೊಂಡು ಬರುತ್ತಾನೆ ಎಂದು ಯಾವ ಗೆಳತಿಗೆ ತಾನೇ ಹೇಳಿಕೊಳ್ಳಲಾದೀತು?

ಅಂತೂ ಪೆಟ್ಟಿಗೆ ಗೋಡೆಯ ಸುಣ್ಣ ಕೆರೆದುಕೊಂಡು ಕೆಳಗಿಳಿಯಿತು. ಅಂಗಳದಲ್ಲಿ ವ್ಯಾನು ಕಾಯುತ್ತಿತ್ತು. ಎಲ್ಲರೂ ಶಾಲೆಯ ಬಿಳಿ ಬಟ್ಟೆಯಲ್ಲಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಬರಬೇಕೆಂದು ಮಾಸ್ಟರು ಹೇಳಿ ಕಳಿಸಿದ್ದರು. ಬಂದವರಲ್ಲಿ ಹೆಚ್ಚಿನವರದು ಕಪ್ಪು ಬೆಲ್ಟು. ಗೇಟಿನ ಬಳಿ ಒಬ್ಬನು ಮಾತ್ರ ಬೆಲ್ಟಿಲ್ಲದೆ, ಗಾಳಿಗೆ ಬಿಚ್ಚಿಕೊಳ್ಳುವ ಅಂಗಿಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ಅವನು ಬೇಕರಿಯವನು. ಅಪ್ಪನನ್ನು ಕೊನೆಯ ಸಲ ಎಸೆದವನು.

ಅವನು ತನ್ನ ಕಡೆಗೇ ಬರುತ್ತಿದ್ದಾನೆಂದು ತಿಳಿದು ಮಗಳು ಮುಖ ತಿರುಗಿಸಿದಳು. ಆದರೂ ಬಂದ.

"ಅಕ್ಕಾ, ಇದನ್ನ ಅವರ ಜೊತೆ ಒಳಗಿಡ್ತೀರಾ?"

ಚೀಲದಲ್ಲಿ ಕಪ್ಪು ಬೆಲ್ಟು ಇತ್ತು. ಹೊಸದು, ಮಡಿಕೆಯೂ ಬಿಚ್ಚಿರಲಿಲ್ಲ.

"ನನಗೆ ಕಟ್ಕೊಳ್ಳೋಕೆ ಆಗ್ತಿಲ್ಲ," ಅಂದ. "ಇದು ಅವರದೇ."

ಅಮ್ಮ ಕೈ ಚಾಚಿದಳು. "ಇಡೋಣ ಕಣೇ. ಇಷ್ಟು ವರ್ಷ ಆಸೆಪಟ್ಟರು. ಹೋಗೋವಾಗಲಾದ್ರೂ ಕಪ್ಪು ಬೆಲ್ಟು ಜೊತೆಗಿರಲಿ."

"ಬೇಡ," ಅಂದಳು ಮಗಳು. "ಅಪ್ಪನಿಗೆ ಯಾರ ಎಂಜಲೂ ಬೇಡ. ನೀವು ಗೆದ್ದಿದ್ದು, ನೀವೇ ಇಟ್ಕೊಳ್ಳಿ. ದಿನಾ ಕಟ್ಕೊಳ್ಳಿ."

ಬೇಕರಿಯವನ ಮುಖ ಕಪ್ಪಿಟ್ಟಿತು. ಹಿಂದೆ ನಿಂತಿದ್ದ ಮಾಸ್ಟರು ಕುಂಟುತ್ತ ಮುಂದೆ ಬಂದರು.

"ಅವನ ತಪ್ಪಿಲ್ಲಮ್ಮಾ. ಡಾಕ್ಟ್ರೇ ಹೇಳಿದ್ರಲ್ಲ, ತಲೆಯೊಳಗೆ ನರ ಮೊದಲೇ ಸವೆದುಹೋಗಿತ್ತು ಅಂತ. ಒಂದು ಬಕೆಟ್ ನೀರು ಎತ್ತಿದ್ರೂ ಒಡೀತಿತ್ತು."

"ಅಪ್ಪ ಬಕೆಟ್ ಎತ್ತಲಿಲ್ವಲ್ಲ ಮಾಸ್ಟ್ರೇ." ಅವಳು ಬೇಕರಿಯವನತ್ತ ತಿರುಗಿದಳು. "ಬಿದ್ದ ಮೇಲೆ ಎಷ್ಟು ಹೊತ್ತು ನೋಡ್ತಾ ನಿಂತಿದ್ರಿ ನೀವು?"

ಅವನು ಚೀಲವನ್ನು ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ವ್ಯಾನಿನ ಡ್ರೈವರ್ ಹಾರ್ನ್ ಹೊಡೆದ.

*

"ಈ ಸಲ ನೀನು ಬರಲೇಬೇಕು," ಎಂದು ಅಪ್ಪ ಬೆಲ್ಟು ಪರೀಕ್ಷೆಯ ಹಿಂದಿನ ದಿನ ಗೋಗರೆದಿದ್ದ. "ಬೀಳೋದನ್ನ ನೋಡೋಕಲ್ಲ ಮಾರಾಯ್ತಿ, ಎಸೆಯೋದನ್ನ ನೋಡೋಕೆ."

ಅವಳು ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೆ ರಜೆ ಹಾಕಿ ಹೋದಳು. ಗೋಡೆಗೆ ಒತ್ತಿ ಹಾಕಿದ್ದ ಬೆಂಚಿನ ಮೇಲೆ ಕೂತಳು. ಹಾಲಿನಲ್ಲಿ ಬೆವರು, ರೆಕ್ಸಿನ್, ಕೆಳಗಿನ ಗ್ಯಾರೇಜಿನ ಗ್ರೀಸು ಎಲ್ಲ ಸೇರಿದ ವಾಸನೆ ಇತ್ತು. ಅದು ಅಪ್ಪನ ವಾಸನೆಯೇ ಎಂದು ಅವಳಿಗೆ ಅಲ್ಲಿ ಕೂತ ಮೇಲೆ ಗೊತ್ತಾಯಿತು.

ಪರೀಕ್ಷೆಗೆ ನಿಂತವರು ತಾವು ಯಾರನ್ನು ಎಸೆದು ತೋರಿಸಬೇಕೆಂದು ತಾವೇ ಆರಿಸಿಕೊಳ್ಳಬಹುದಿತ್ತು. ಎಲ್ಲರೂ ಅಪ್ಪನನ್ನೇ ಆರಿಸಿದರು. ಯಾಕೆಂದರೆ ಅಪ್ಪ ಬಿದ್ದರೆ ಎಸೆದವನ ವಿದ್ಯೆಗೆ ಮೆರುಗು ಬರುತ್ತಿತ್ತು. ಅರೆಬರೆ ಎಸೆತವೂ ಅವನ ಮೈಯಲ್ಲಿ ಪೂರ್ತಿಯಾಗುತ್ತಿತ್ತು. ಗಾಳಿಯಲ್ಲಿ ಮಗುಚಿ, ಬೆನ್ನು ನೆಲಕ್ಕೆ ತಾಗುವ ಗಳಿಗೆಯಲ್ಲಿ ಅಂಗೈಯಿಂದ ಮ್ಯಾಟಿಗೆ ಫಟ್ಟೆಂದು ಹೊಡೆಯುವನು. ಆ ಸದ್ದಿಗೆ ತೀರ್ಪುಗಾರರು ತಲೆಯಾಡಿಸುವರು.

ಅವನ ಸ್ವಂತ ಪರೀಕ್ಷೆ ಯಾವಾಗಲೂ ಕೊನೆಗೆ. ಅಷ್ಟು ಹೊತ್ತಿಗೆ ಮೈಯಲ್ಲಿ ಕಸುವೇ ಉಳಿದಿರುತ್ತಿರಲಿಲ್ಲ. ಪ್ರತಿ ಸಲವೂ ಸೋಲು, ಪ್ರತಿ ಸಲವೂ ಕಪ್ಪಿಗೆ ಒಂದು ಮೆಟ್ಟಿಲು ಕೆಳಗಿನ ಅದೇ ಕಂದು ಬೆಲ್ಟು. ಅವನನ್ನು ಎಸೆದು ಪಾಸಾದವರು ಒಬ್ಬೊಬ್ಬರೂ ಕಪ್ಪು ಬೆಲ್ಟು ಕಟ್ಟಿಕೊಂಡು, ಬೆನ್ನು ತಟ್ಟಿ, ಮುಂದಿನ ಸಲ ನೋಡೋಣ ದಿಂಬಣ್ಣ ಎನ್ನುತ್ತಿದ್ದರು. ಅವನಿಗೊಂದು ದಿನ ಬಿಡುವು ಕೊಡೋಣವೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಒಳ್ಳೆಯವರೇ ಎಲ್ಲರೂ, ಆದರೆ ದಿಂಬಿಗೂ ದಣಿವಾಗುತ್ತದೆಂದು ಯಾರು ಯೋಚಿಸುತ್ತಾರೆ?

ನೀರು ಕುಡಿಯಲು ಅಪ್ಪ ಬೆಂಚಿನ ಬಳಿ ಬಂದಿದ್ದ. ತುಟಿ ಬಿಳಿಚಿಕೊಂಡಿತ್ತು.

"ಅಪ್ಪಾ, ಸಾಕು ಬಾ. ಮನೆಗೆ ಹೋಗೋಣ."

"ತಲೆ ಒಂಚೂರು ಭಾರ ಅಷ್ಟೇ. ಇನ್ನೊಬ್ಬ ಇದಾನೆ, ಬೇಕರಿಯವನು. ಪಾಪ, ಹೆದರಿ ನಡುಗ್ತಿದಾನೆ. ಅವನದು ಮುಗಿದ ಮೇಲೆ ನಂದೇ." ಲೋಟ ಅವಳ ಕೈಗೆ ಕೊಟ್ಟ. "ಎದ್ದು ಹೋಗ್ಬೇಡ ಮತ್ತೆ."

ಬೇಕರಿಯವನ ಎಸೆತ ಒರಟಾಗಿತ್ತು. ಅಪ್ಪ ಅದನ್ನೂ ಅಂದವಾಗಿಸಿ ಬಿದ್ದ. ಫಟ್ಟೆಂದು ಸದ್ದಾಯಿತು. ತೀರ್ಪುಗಾರರು ತಲೆಯಾಡಿಸಿದರು. ಚಪ್ಪಾಳೆ ಬಿತ್ತು.

ಅಲ್ಲೊಂದು ನಿಯಮವಿತ್ತು. ಎಸೆದವನು ಬಿದ್ದವನನ್ನು ಮುಟ್ಟಬಾರದು, ಎತ್ತಬಾರದು, ಬೆನ್ನು ತಿರುಗಿಸಿ ಹೋಗಲೂಬಾರದು. ಬಿದ್ದವನು ತಾನಾಗಿ ಎದ್ದು ಬಾಗಿ ವಂದಿಸುವವರೆಗೆ ನಿಂತಲ್ಲೇ ಕಾಯಬೇಕು. ಬಿದ್ದವನಿಗೆ ಕೊಡುವ ಮರ್ಯಾದೆ ಅದು. ಬೇಕರಿಯವನು ಕಾದ. ಮಾಸ್ಟರು ಕಾದರು. ಅಪ್ಪ ಚಾವಣಿಯ ಕಡೆ ಕಣ್ಣು ತೆರೆದುಕೊಂಡು ಮಲಗಿಯೇ ಇದ್ದ. ಚಪ್ಪಾಳೆ ನಿಂತಿತು. ಆದರೂ ಬೇಕರಿಯವನು ಕದಲಲಿಲ್ಲ. ಮುಟ್ಟಿದರೆ ದಿಂಬಣ್ಣನಿಗೆ ಅವಮಾನವಾದೀತೆಂದು ಹೆದರಿದ್ದ.

ಮಗಳೂ ಲೋಟ ಹಿಡಿದುಕೊಂಡು ಕೂತೇ ಇದ್ದಳು. ಅಪ್ಪ ಬಿದ್ದದ್ದು ಅಷ್ಟು ಚೆನ್ನಾಗಿತ್ತು.

*

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು, ಪಟ್ಟಿ ಸಿದ್ಧವಿರಲಿಲ್ಲ. ಪೆಟ್ಟಿಗೆಯನ್ನು ಇಳಿಸಲು ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಪಟ್ಟಿ ಬೇಕು. ಒಂದು ಗಟ್ಟಿಯಿತ್ತು. ಇನ್ನೊಂದನ್ನು ಗುಂಡಿ ತೋಡುವವನು ಎಳೆದು ನೋಡುತ್ತಿದ್ದಂತೆ ನಡುವೆ ನೂಲು ನೂಲಾಗಿ ಬಿಟ್ಟುಕೊಂಡಿತು.

"ಇದು ತಡೆಯಲ್ಲ," ಅಂದ. "ಬೇರೇದು ತರಿಸ್ಬೇಕು. ಬಿಸಿಲಲ್ಲಿ ಕಾಯ್ತೀರಾ?"

ಮಾಸ್ಟರು ಸೊಂಟದ ಬೆಲ್ಟು ಬಿಚ್ಚಿದರು. ಹಳೆಯದು, ಅಂಚು ಸವೆದು ಬೆಳ್ಳಗಾಗಿತ್ತು.

"ಗಟ್ಟಿ ಬಟ್ಟೆ. ಆದ್ರೆ ಉದ್ದ ಸಾಲಲ್ಲ, ಇನ್ನೊಂದು ಕಟ್ಬೇಕು," ಅಂದ ಗುಂಡಿ ತೋಡುವವನು.

ಎಲ್ಲರ ಕೈಯೂ ತಮ್ಮ ತಮ್ಮ ಗಂಟಿಗೆ ಹೋಯಿತು. ಮಗಳು ತಡೆದಳು. "ಅವರ ಚೀಲದಲ್ಲಿ ಒಂದಿದೆಯಲ್ಲ, ಹೊಸದು. ಅದನ್ನ ಕೊಡಿ."

ಒಳ್ಳೆಯ ಮನಸ್ಸಿನಿಂದ ಅವಳು ಹಾಗೆ ಹೇಳಲಿಲ್ಲ. ಆ ಭಾರ ಅವನ ಕೈಗೇ ಬರಲಿ, ಎಷ್ಟಿದೆಯೆಂದು ಅವನಿಗೇ ತಿಳಿಯಲಿ ಅನಿಸಿತ್ತು. ಎರಡೂ ಬೆಲ್ಟುಗಳನ್ನು ತೆಗೆದುಕೊಂಡು, ಅಪ್ಪ ಫೋಮಿನ ಸುರುಳಿಗಳನ್ನು ಕಟ್ಟಲು ಹಾಕುತ್ತಿದ್ದ ಗಂಟನ್ನೇ ಹಾಕಿದಳು. ಎಳೆದಷ್ಟೂ ಬಿಗಿಯಾಗುವ ಗಂಟು. ಹೊಸ ಬೆಲ್ಟಿನ ತುದಿಯನ್ನು ಬೇಕರಿಯವನ ಕಡೆ ಚಾಚಿದಳು.

"ಹಿಡೀರಿ."

ಅವನು ಅಂಗಿಯನ್ನು ಬಿಟ್ಟು ಎರಡೂ ಕೈಯಲ್ಲಿ ಹಿಡಿದ. ಅಂಗಿ ಬಿಚ್ಚಿಕೊಂಡು ಎದೆ ಕಾಣಿಸಿತು. ಇನ್ನೊಂದು ತುದಿ ಮಾಸ್ಟರದು. ಅವರ ಮಂಡಿ ಬಾಗುವಂತಿರಲಿಲ್ಲ.

"ನಾನು ಹಿಡಿತೀನಿ," ಅಂದಳು ಮಗಳು.

"ನಿನ್ನ ಕೈಲಾಗುತ್ತೇನೇ?" ಅಂದಳು ಅಮ್ಮ.

"ಆಗತ್ತಮ್ಮಾ."

ತಲೆಯ ಕಡೆ ಟ್ಯಾಕ್ಸಿ ಡ್ರೈವರ್ ಮತ್ತು ಗುಂಡಿ ತೋಡುವವನು, ಕಾಲಿನ ಕಡೆ ಅವಳು ಮತ್ತು ಬೇಕರಿಯವನು ಗುಂಡಿಯ ಆಚೆ ಈಚೆ ನಿಂತರು. ಭಾರ ಬಿದ್ದಾಗ ಬೆಲ್ಟು ಅವಳ ಅಂಗೈಯನ್ನು ಕೊರೆಯಿತು. ಅಪ್ಪ ಇಷ್ಟು ಭಾರವಿದ್ದನೇ? ಗಾಳಿಯಲ್ಲಿ ಹಾರುವವನ ಹಾಗೆ ಕಾಣುತ್ತಿದ್ದನಲ್ಲ. ಎದುರಿಗೆ ಬೇಕರಿಯವನು ಹಲ್ಲು ಕಚ್ಚಿ, ಗೇಣು ಗೇಣಾಗಿ ಸಡಿಲಿಸುತ್ತಿದ್ದ. ಅವಳ ಕೈ ಜಾರಿದಾಗಲೆಲ್ಲ ಅವನು ಬಿಗಿಹಿಡಿದು ನಿಲ್ಲುತ್ತಿದ್ದ, ಅವಳು ಸರಿಮಾಡಿಕೊಳ್ಳುವವರೆಗೆ ಕಾಯುತ್ತಿದ್ದ. ಪೆಟ್ಟಿಗೆ ಎಲ್ಲೂ ವಾಲದೆ ತಳ ಸೇರಿತು. ಚೂರೂ ಸದ್ದಾಗಲಿಲ್ಲ.

"ಆಯ್ತು, ಬೆಲ್ಟು ಎಳ್ಕೊಳ್ಳಿ," ಎನ್ನುತ್ತ ಗುಂಡಿ ತೋಡುವವನು ತನ್ನ ಪಟ್ಟಿಯನ್ನು ಎಳೆದು ಸುತ್ತಿದ.

ಬೇಕರಿಯವನು ಎಳೆದುಕೊಳ್ಳಲಿಲ್ಲ. ಕಾಲು ಜೋಡಿಸಿ, ಗುಂಡಿಯೊಳಗೆ ನೋಡುತ್ತ ನೆಟ್ಟಗೆ ನಿಂತಿದ್ದ. ಅವನ ಹಿಂದೆ ಮಾಸ್ಟರು ಹಾಗೇ ನಿಂತರು. ಬಿಳಿ ಬಟ್ಟೆಯವರೆಲ್ಲ ಹಾಗೇ ನಿಂತರು.

"ಏನ್ ಕಾಯ್ತಿದಾರೆ ಇವರೆಲ್ಲ?" ಗುಂಡಿ ತೋಡುವವನು ಸನಿಕೆ ಊರಿಕೊಂಡು ಅಮ್ಮನನ್ನು ಕೇಳಿದ. ಅಮ್ಮ ಮಗಳ ಮುಖ ನೋಡಿದಳು.

ಮಗಳಿಗೆ ಗೊತ್ತಿತ್ತು. ಬೇಕರಿಯವನು ಅವತ್ತಿನ ಹಾಗೆಯೇ ಬಿದ್ದವನ ವಂದನೆಗೆ ಕಾಯುತ್ತಿದ್ದ. ಹೀಗೇ ಬಿಟ್ಟರೆ ಅವನು ಕತ್ತಲಾಗುವವರೆಗೂ ನಿಲ್ಲುತ್ತಾನೆ, ಮನೆಗೆ ಹೋದ ಮೇಲೂ ನಿಂತೇ ಇರುತ್ತಾನೆ. ನಿಲ್ಲಲಿ ಎಂದುಕೊಂಡಳು. ಬೆಲ್ಟನ್ನು ಇನ್ನೊಂದು ಸುತ್ತು ಕೈಗೆ ಬಿಗಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಗುಂಡಿಯ ಅಂಚಿನಿಂದ ಮಣ್ಣಿನ ಹೆಂಟೆಯೊಂದು ಉರುಳಿ ಪೆಟ್ಟಿಗೆಯ ಮೇಲೆ ಬಿತ್ತು. ಅವನು ಬೆಚ್ಚಿದ, ಕಣ್ಣು ಮಾತ್ರ ಪೆಟ್ಟಿಗೆಯಿಂದ ಕೀಳಲಿಲ್ಲ.

ಅವಳು ಚಪ್ಪಲಿ ಬಿಟ್ಟು ಕಾಲು ಜೋಡಿಸಿದಳು. ಅಪ್ಪ ಮನೆಯ ಕನ್ನಡಿಯ ಮುಂದೆ ಮಾಡುತ್ತಿದ್ದ ಹಾಗೆ, ಕೈಗಳನ್ನು ತೊಡೆಗಂಟಿಸಿ, ನಿಧಾನವಾಗಿ ಬಾಗಿದಳು.

ಆಚೆಯಿಂದ ಬೇಕರಿಯವನೂ ಬಾಗಿದ. ಬಹಳ ಹೊತ್ತು ಏಳಲಿಲ್ಲ.

ಅವಳು ಕೈಗೆ ಸುತ್ತಿದ್ದ ಬೆಲ್ಟನ್ನು ಬಿಡಿಸಿ ತನ್ನ ತುದಿಯನ್ನು ಬಿಟ್ಟಳು. ಅವನು ಎಳೆಯತೊಡಗಿದ. ಪೆಟ್ಟಿಗೆಯ ಅಡಿಯಲ್ಲಿ ಅಪ್ಪನ ಗಂಟು ಒಂದು ಗಳಿಗೆ ಸಿಕ್ಕಿಕೊಂಡಿತು, ಆಮೇಲೆ ಬಿಚ್ಚಿಕೊಳ್ಳದೆಯೇ ಜಾರಿ, ಮಣ್ಣು ಮೆತ್ತಿಕೊಂಡು ಮೇಲೆ ಬಂತು.