ಸದ್ದು ನಿಂತ ದಿನ

ಆ ಕಾರು ಬೀದಿಯ ಮೂಲೆಯಲ್ಲಿ ತಿರುಗಿದರೆ ಮನೆಮನೆಗೂ ಗೊತ್ತಾಗುತ್ತಿತ್ತು. ಸ್ಟಿಯರಿಂಗ್ ಎಡಕ್ಕೆ ಹೊರಳಿಸಿದಾಗಲೆಲ್ಲ ಕೆಳಗಿನಿಂದ ‘ಟಕ್’ ಎಂದು ಒಂದು ಸದ್ದು. ಅದರಲ್ಲಿ ಶಾಲೆಗೆ ಹೋಗುವ ಏಳು ಮಕ್ಕಳು ಆ ಸದ್ದಿಗೆ ‘ಅಜ್ಜಿ ಮಂಡಿ’ ಎಂದು ಹೆಸರಿಟ್ಟಿದ್ದರು. ಟಕ್ ಎಂದ ಕೂಡಲೇ “ಅಜ್ಜೀ, ನಿಧಾನ!” ಎಂದು ಒಟ್ಟಿಗೆ ಕೂಗುತ್ತಿದ್ದರು.

ಕಾರು ಮಾಲೀಕನದು, ಓಡಿಸುವವನು ಸಂಬಳದ ಡ್ರೈವರ್. ಅವನ ಮನೆಯಲ್ಲಿ ಇರುವುದು ಅವನು ಮತ್ತು ಅವನ ಅತ್ತಿಗೆ. ಬಾಗಿಲ ಹಿಂದಿನ ಮೊಳೆಯಲ್ಲಿ ಅಣ್ಣನ ಖಾಕಿ ಅಂಗಿ ಇನ್ನೂ ತೂಗುತ್ತಿದೆ. ಅಣ್ಣನೂ ಡ್ರೈವರ್. ಹೊಲಿಗೆ ಕಾರ್ಖಾನೆಯ ಹೆಂಗಸರನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದ. ಎರಡು ವರ್ಷದ ಹಿಂದೆ ಸೇತುವೆಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ. ಅವನೂ ಹೋದ, ಇಬ್ಬರು ಹೆಂಗಸರೂ ಹೋದರು. ಪೊಲೀಸರು ಕಾಗದದಲ್ಲಿ ‘ಚಾಲಕನ ಅಜಾಗರೂಕತೆ’ ಎಂದು ಬರೆದು ಮೊಹರು ಒತ್ತಿದರು. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲ ಎಂಬುದು ಮೊಹರು ಒತ್ತುವವರಿಗೆ ಚೆನ್ನಾಗಿ ಗೊತ್ತು.

ಒಂದು ವಾರದಿಂದ ಅತ್ತಿಗೆಯದು ಒಂದೇ ಮಾತು. “ಆ ಕಾರನ್ನ ಗ್ಯಾರೇಜ್ ಮೇಸ್ತ್ರಿಗೆ ತೋರಿಸೋ.”

“ಹಳೇ ಕಾರು ಅತ್ತಿಗೆ, ಮೈ ಮುರಿಯುತ್ತೆ. ನಿಮ್ಮ ಮಂಡಿ ಸದ್ದು ಮಾಡಲ್ವಾ?”

“ನನ್ನ ಮಂಡಿ ಮೇಲೆ ಏಳು ಮಕ್ಕಳು ಕೂತಿಲ್ಲ.”

ಆ ಬೆಳಿಗ್ಗೆ ಅವನು ನಗುತ್ತ ಒಳಗೆ ಬಂದ. “ಅತ್ತಿಗೆ, ನಿಮ್ಮ ಚಿಂತೆ ತೀರಿತು. ಸದ್ದೇ ಇಲ್ಲ, ಬಂದು ಕೇಳಿ!”

ಅವನ ಅಂಗಿಯ ತೋಳಿನ ತುದಿಯಲ್ಲಿ ಕಪ್ಪು ಗ್ರೀಸ್ ಮೆತ್ತಿತ್ತು. ಬಾಗಿಲ ಹಿಂದಿನ ಅಂಗಿಯಲ್ಲೂ ಅದೇ ಜಾಗದಲ್ಲಿ ಅಂಥದೇ ಕಲೆ. ಎಷ್ಟು ಒಗೆದರೂ ಹೋಗದ ಕಲೆ.

“ಏನು ಮಾಡಿದೆ?”

“ಚಕ್ರದ ಹತ್ರ ಕೆಳಗೊಂದು ರಬ್ಬರ್ ಟೋಪಿ ಇರುತ್ತಲ್ಲ, ಅದನ್ನ ಎತ್ತಿ ಗ್ರೀಸ್ ತುಂಬಿದೆ. ಅಣ್ಣನೇ ಕಲಿಸಿದ್ದು.”

ಅವಳ ಕೈಯಲ್ಲಿದ್ದ ಲೋಟ ಜಾರಲಿಲ್ಲ. ಅವಳೇ ಅದನ್ನು ನಿಧಾನವಾಗಿ ಕೆಳಗಿಟ್ಟಳು.

“ನಿಮ್ಮಣ್ಣನೂ ಹೀಗೇ ನಗ್ತಾ ಬಂದಿದ್ದ ಕಣೋ. ‘ಸದ್ದು ನಿಂತೋಯ್ತು ಕಣೇ’ ಅಂದ. ನಾನೂ ಖುಷಿಪಟ್ಟೆ. ನಾಲ್ಕನೇ ದಿನಕ್ಕೆ ಅವನನ್ನ ತಂದು ಇಲ್ಲೇ ಮಲಗಿಸಿದ್ರು. ಇದನ್ನ ಯಾರಿಗೂ ಹೇಳಿಲ್ಲ. ಹೇಳಿದ್ರೆ ಆ ಕಾಗದದ ಮಾತು ನಿಜ ಆಗಿಬಿಡುತ್ತೆ ಅಂತ ಹೆದರಿದ್ದೆ.”

ಅವನ ನಗು ಇಳಿಯಿತು. ಅಷ್ಟರಲ್ಲಿ ಮಾಲೀಕನ ಫೋನು.

“ಮಕ್ಕಳು ಕಾಯ್ತಿದ್ದಾರೆ, ಎಲ್ಲಿ ಬಿದ್ದಿದ್ದೀಯ?”

“ಸಾರ್, ಸ್ಟಿಯರಿಂಗ್ ಒಮ್ಮೆ ತೋರಿಸಿ…”

“ಇವತ್ತೊಂದು ದಿನ ಓಡಿಸು. ಭಾನುವಾರ ನೋಡೋಣ.”

ಅಣ್ಣನ ಮಾಲೀಕನೂ ಭಾನುವಾರ ಎಂದೇ ಹೇಳಿದ್ದ. ಅಣ್ಣನ ಪಾಲಿಗೆ ಆ ಭಾನುವಾರ ಬರಲೇ ಇಲ್ಲ.

“ಕೆಲಸ ಹೋಗುತ್ತೆ ಅತ್ತಿಗೆ.”

“ಹೋಗಲಿ. ಕೆಲಸ ಹೋದವರು ಸಂಜೆ ಮನೆಗೆ ಬರ್ತಾರೆ.” ಅವಳು ಕಾರಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. “ಏಳೂ ಮನೆಗೆ ಫೋನ್ ಮಾಡಿ ಕಾರು ಬರಲ್ಲ ಅನ್ನು. ನಾನು ಮೇಸ್ತ್ರೀನ ಇಲ್ಲಿಗೇ ಕರ್ಕೊಂಡು ಬರ್ತೀನಿ.”

ಪಕ್ಕದ ಬೀದಿಯ ಗ್ಯಾರೇಜ್ ಮೇಸ್ತ್ರಿ ಜಾಕ್ ಹೊತ್ತು ಬಂದ. ಕಾರನ್ನು ಮುಟ್ಟುವ ಮೊದಲು ಡ್ರೈವರನ್ನೇ ವಿಚಾರಿಸಿದ.

“ಸದ್ದು ಯಾವಾಗ ಬರ್ತಿತ್ತು?”

“ತಿರುಗಿಸಿದಾಗ. ಗುಂಡಿಗೆ ಇಳಿದಾಗ ಇನ್ನೂ ಜಾಸ್ತಿ.”

“ಸ್ಟಿಯರಿಂಗ್ ಸಡಿಲ ಅನ್ಸುತ್ತಾ?”

“ಎರಡು ಬೆರಳಷ್ಟು.”

“ಇಷ್ಟು ಗೊತ್ತಿದ್ದೂ ಗ್ರೀಸ್ ಮೆತ್ತಿದ್ಯಲ್ಲಪ್ಪ, ಮುರಿದ ಮೂಳೆಗೆ ಮುಲಾಮು ಹಚ್ಚಿದ ಹಾಗೆ! ತಿರುಗಿಸುವಾಗ ಕುಂಯ್ ಅಂತ ಕೊರಗಿದ್ರೆ ಸ್ಟಿಯರಿಂಗ್ ಆಯಿಲ್ ಕಮ್ಮಿ ಇರಬಹುದು. ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಅಂತ ಬಿಡದೆ ಬಡಿದ್ರೆ ಆಕ್ಸಲ್ ನೋಡ್ಬೇಕು. ಹೀಗೆ ಒಂದೊಂದೇ ಟಕ್ ಅಂದು ಕೈಗೂ ಸಡಿಲ ಅನ್ಸಿದ್ರೆ ಆಮೇಲೆ ಗಾಡಿ ಓಡಿಸಲೇಬಾರದು.”

ಕಾರನ್ನು ಎತ್ತಿ, ಕೆಳಗೆ ಗಟ್ಟಿಯಾದ ಆಸರೆ ಕೊಟ್ಟ. ಚಕ್ರದ ಎಡಬಲವನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಬಿಗಿಯಾಗಿರಬೇಕಾದ ಚಕ್ರ ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಚಕ್ರ ಬಿಚ್ಚಿ, ಗ್ರೀಸ್ ಒರೆಸಿ, ಸ್ಟಿಯರಿಂಗ್ ಸರಳಿನ ತುದಿಯ ಕೀಲನ್ನು ಕಳಚಿ, ಅದರ ಬಟ್ಟಲಿನಲ್ಲಿ ಸವೆದ ಗುಂಡನ್ನು ತೋರಿಸಿದ.

“ಸ್ಟಿಯರಿಂಗ್ ಹೇಳಿದ್ದನ್ನ ಚಕ್ರಕ್ಕೆ ಮುಟ್ಟಿಸೋದು ಇದೇ. ಕಳಚಿದ್ರೆ ನೀನು ಎತ್ತ ತಿರುಗಿಸಿದ್ರೂ ಚಕ್ರ ತನ್ನ ದಾರಿ ಹಿಡಿಯುತ್ತೆ. ಗ್ರೀಸು ಇದರ ಬಾಯಿ ಮುಚ್ಚಿಸಿತ್ತು, ಅಷ್ಟೆ.”

“ಇನ್ನೆಷ್ಟು ದಿನ ಬರ್ತಿತ್ತು?”

“ದಿನ ಕೇಳಬೇಡ. ಎಷ್ಟು ತಿರುವು ಅಂತ ಕೇಳು.”

ಡ್ರೈವರ್ ಕುಕ್ಕರಗಾಲಿನಲ್ಲಿ ಕೂತ. “ಅಣ್ಣನಿಗೂ ಯಾರಾದ್ರೂ ಹೀಗೆ ಬಿಚ್ಚಿ ತೋರಿಸಿದ್ರೆ…” ಎಂದ. ಅತ್ತಿಗೆ ಅವನ ತಲೆಯ ಮೇಲೆ ಕೈಯಿಟ್ಟಳು.

ಮಾಲೀಕ ಸ್ಕೂಟರಿನಲ್ಲಿ ಬಂದ. ಇಳಿಯುವ ಮೊದಲೇ ಕೂಗಾಡಿದ. “ಬೇರೆ ಡ್ರೈವರ್ ತರ್ತೀನಿ!”

“ತನ್ನಿ ಸಾರ್,” ಎಂದ ಮೇಸ್ತ್ರಿ. “ಮೂರು ಚಕ್ರದಲ್ಲಿ ಕಾರು ಓಡಿಸೋನು ಸಿಕ್ಕಿದ್ರೆ ನನಗೂ ತೋರಿಸಿ.”

ಅತ್ತಿಗೆ ಆ ಸವೆದ ಕೀಲನ್ನು ಮಾಲೀಕನ ಅಂಗೈಯಲ್ಲಿ ಇಟ್ಟಳು. “ಅಲ್ಲಾಡಿಸಿ ನೋಡಿ. ಆಮೇಲೆ ಆ ಏಳು ಮನೆಗೆ ಹೋಗಿ, ಭಾನುವಾರ ನೋಡೋಣ ಅಂತ ಹೇಳಿ ಬನ್ನಿ.”

ಅವನು ಅಲ್ಲಾಡಿಸಿದ. ಗುಂಡು ಬಟ್ಟಲಿನಲ್ಲಿ ಸುಲಭವಾಗಿ ಅಲ್ಲಾಡಿತು. ಫೋನು ತೆಗೆದು ಬಿಡಿಭಾಗದ ಅಂಗಡಿಗೆ ಹೇಳಿದ. ಮಧ್ಯಾಹ್ನದೊಳಗೆ ಹೊಸ ಕೀಲು ಬಂತು.

ಹಳೆಯದನ್ನು ಅತ್ತಿಗೆ ಕೇಳಿ ಇಸಿದುಕೊಂಡಳು. ಬಾಗಿಲ ಹಿಂದಿನ ಅಂಗಿಯ ಜೇಬಿಗೆ ಹಾಕಿದಳು. ಅದರ ಭಾರಕ್ಕೆ ಅಂಗಿ ಒಂದು ಕಡೆ ವಾಲಿತು.

ಡ್ರೈವರಣ್ಣಂದಿರೇ, ಸ್ಟಿಯರಿಂಗಿನಲ್ಲಿ ಹೊಸ ಸದ್ದು ಬಂದರೆ ಅದು ಯಾವಾಗ, ಯಾವ ಕಡೆಯಿಂದ ಬರುತ್ತದೆ ಎಂದು ಗಮನಿಸಿ, ಬಲ್ಲವರಿಂದ ಚಕ್ರ ಎತ್ತಿಸಿ ನೋಡಿಸಿ. ಗ್ರೀಸ್ ಮೆತ್ತಿದ್ದಕ್ಕೋ ತನ್ನಷ್ಟಕ್ಕೆ ತಾನೋ ಸದ್ದು ನಿಂತರೆ ಅದನ್ನು ನಂಬಬೇಡಿ. ಮಾಲೀಕರೇ, ‘ಇವತ್ತೊಂದು ದಿನ’ ಎನ್ನುವಾಗ ನೀವು ಪಣಕ್ಕಿಡುವುದು ನಿಮ್ಮ ಜೀವವನ್ನಲ್ಲ. ತಾಯಂದಿರೇ, ತಂದೆಯರೇ, ನಾಳೆ ಬೆಳಿಗ್ಗೆ ಮಕ್ಕಳನ್ನು ಹತ್ತಿಸುವಾಗ ಒಂದು ನಿಮಿಷ ಆ ಗಾಡಿಗೆ ಕಿವಿಗೊಡಿ. ಡ್ರೈವರ್ ಓಡಿಸುವುದಿಲ್ಲ ಎಂದರೆ ಅವನನ್ನು ಬೈಯಬೇಡಿ, ಅವನ ಪಕ್ಕದಲ್ಲಿ ನಿಲ್ಲಿ. ಅಣ್ಣನೊಬ್ಬನನ್ನೇ ಬಿಟ್ಟಿದ್ದಕ್ಕೇ ಈ ಮನೆಯಲ್ಲಿ ಒಂದು ಅಂಗಿ ಮೊಳೆಯ ಮೇಲೆ ಉಳಿದಿದೆ.