ಹಸ್ತಾಂತರದ ಪಟ್ಟಿಯಲ್ಲಿ ಇಲ್ಲದ್ದು

ಎಲ್ಲಿಂದ ಶುರು ಮಾಡಲಿ? ಹೊಸೂರಿನ ಟ್ರಾಫಿಕ್ಕಿನಿಂದ ಶುರು ಮಾಡಿ ಎರಡು ಸಲ ಹರಿದು ಹಾಕಿದೆ. ಹರಿಪ್ರಿಯಾಳ ಸುಸ್ತಿನಿಂದಲೇ ಶುರು ಮಾಡೋಣ, ಅದು ಹೇಗೂ ತಯಾರಾಗಿದೆ.

೧. ಹೊಸೂರಿನ ಸಣ್ಣ ಕಂಪನಿಯೊಂದರಲ್ಲಿ ಅವಳು ಪ್ರಾಡಕ್ಟ್ ಓನರ್. (ಓನರ್ ಅಂದರೆ ಮಾಲೀಕಳಲ್ಲ, ಆ್ಯಪ್ ಕೆಟ್ಟಾಗ ಬೈಸಿಕೊಳ್ಳುವವಳು.) ಕೃಷ್ಣಗಿರಿ ಕಡೆಯ ಬೆಳೆಗಾರರಿಗೆ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಲೋಡ್ ಇಳಿಸಲು ಟೋಕನ್ ಕೊಡುವ ಆ್ಯಪ್ ಅದು. ಅವಳು ಕೆಲಸ ಬಿಡುತ್ತಿದ್ದಾಳೆ, ಇವತ್ತು ಅದನ್ನು ಹೊಸಬ ಕುಮಾರೇಶನಿಗೆ ಒಪ್ಪಿಸಬೇಕು. ಪಾಸ್‌ವರ್ಡು, ಬಾಕಿ ಕೆಲಸ, ಯಾವ ಸಾಹೇಬರಿಗೆ ಯಾವಾಗ ಫೋನ್ ಮಾಡಬಾರದು, ಎಲ್ಲ ಪಟ್ಟಿಯಲ್ಲಿದೆ.

೩. (ಎರಡನೆಯದು ಬಾಲ್ಯದ ನೆನಪು. ಕಿತ್ತು ಹಾಕಿದೆ, ನಿಮಗ್ಯಾಕೆ ಆ ಶಿಕ್ಷೆ.)

ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ. ‘ಮಾತಾಡಿ, ಬುಕ್ ಮಾಡಿ’ ಎಂಬ ಫೀಚರ್ ಈ ಆ್ಯಪ್‌ನ ಹೆಮ್ಮೆ. ಮೈಕಿನಲ್ಲಿ ಹೇಳಿದರೆ ಆ್ಯಪೇ ಟೋಕನ್ ಹಾಕಬೇಕು, ಆದರೆ ಅದು ಕೆಲಸ ಮಾಡಿದ್ದೇ ಇಲ್ಲ. ಡೆಮೊ ದಿನ ಕೈಕೊಟ್ಟಾಗ ಹರಿಪ್ರಿಯಾ ಅದಕ್ಕೆ ಗುಟ್ಟಾಗಿ ತನ್ನ ನಂಬರನ್ನೇ ಜೋಡಿಸಿದಳು, ಒಂದು ವಾರದ ಮಟ್ಟಿಗೆ ಅಂತ. ಎರಡು ಸೀಸನ್ ಆಯಿತು. ಓದು ಬಾರದ ಹನ್ನೊಂದು ಜನ ಮೈಕ್ ಒತ್ತಿ ಮಾತಾಡುತ್ತಾರೆ, ಇವಳು ಕೂತು ಟೋಕನ್ ಹಾಕುತ್ತಾಳೆ. ಮಾವಿನ ಕಾಲದಲ್ಲಿ ಒಂದು ದಿನವೂ ರಜೆ ಇಲ್ಲ. ಅವಳಿಗೆ ಸಾಕಾಗಿ ಹೋಗಿದೆ.

೪. ನನ್ನ ಪ್ಲಾನು: ಮ್ಯಾನೇಜರ್ ಯತಿರಾಜ್ ಎದುರು ಅವಳು ಕಣ್ಣೀರಿಟ್ಟು ಒಪ್ಪಿಕೊಳ್ಳುವುದು.

“ಅಳೋಕೂ ಶಕ್ತಿ ಬೇಕು ಕಣ್ರೀ,” ಎಂದಳು ನನಗೆ. “ಸುಮ್ನೆ ಹೋಗ್ಬುಡ್ತೀನಿ. ನೀವೇ ತಾನೆ ಬರೆಯೋರು? ಆ ಫೀಚರ್ ಕೆಲ್ಸ ಮಾಡೋ ಹಂಗೆ ಬರೀರಿ.”

(ಬರೆದು ನೋಡಿದೆ. ನಾನೇ ನಂಬಲಿಲ್ಲ.)

ಅಷ್ಟರಲ್ಲಿ ಫೋನ್ ಬಂತು. ಆ ಹನ್ನೊಂದು ಜನರಲ್ಲಿ ಒಬ್ಬಳು, ಸೂಳಗಿರಿಯ ಕದಿರಮ್ಮ. ಹರಿಪ್ರಿಯಾ ಸ್ಪೀಕರ್ ಹಾಕಿದಳು. “ಅಮ್ಮಯ್ಯಾ, ನಾಳೀಕೆ ಒಂದು ಟೆಂಪೋ ತೋತಾಪುರಿ ಬತ್ತದೆ. ಬೆಳಿಗ್ಗೇದೇ ಹಾಕು. ಹೋದ್ಸಲ ನಾನೇ ಬಟನ್ ಒತ್ತಕ್ಕೋಗಿ ಟೈಮು ತಪ್ಪಾಗಿ, ಬಿಸ್ಲಲ್ಲಿ ಅರ್ಧ ಲೋಡು ಕೊಳ್ತೋಯ್ತು.”

“ಒಂದ್ನಿಮಿಷ ಇರವ್ವಾ.”

ಮೇಜಿನ ಆಚೆ ಕೂತಿದ್ದ ಕುಮಾರೇಶ ನೋಡುತ್ತಲೇ ಇದ್ದ. “ಅಕ್ಕಾ, ವಾಯ್ಸ್ ಬುಕಿಂಗ್ ಅಂದ್ರೆ ನೀವಾ? ಸಾರ್‌ಗೆ ಗೊತ್ತಾ?”

“ಗೊತ್ತಾದ್ರೆ ಫೀಚರ್ ತೆಗ್ದ್‌ಬುಡ್ತಾರೆ. ಇನ್ಮೇಲೆ ನಿನ್ ನಂಬರ್ ಹಾಕ್ಲಾ?”

“ಮಗು ಹುಟ್ಟಿ ಇನ್ನೂ ಹದಿನೆಂಟು ದಿನ ಅಕ್ಕ,” ಎಂದ ಅವನು. ಸುಳ್ಳಲ್ಲ. ಆ ಮಗುವನ್ನು ನಾನು ಕಥೆಯಿಂದ ತೆಗೆದು ಹಾಕಬಹುದಿತ್ತು, ಮನಸ್ಸಾಗಲಿಲ್ಲ.

೫. ಮುಕ್ತಾಯ ಒಂದು: ಕುಮಾರೇಶ ಒಪ್ಪುತ್ತಾನೆ, ಎರಡು ವರ್ಷದಲ್ಲಿ ಇವಳ ಹಾಗೇ ಬಾಡುತ್ತಾನೆ. ಮುಕ್ತಾಯ ಎರಡು: ಯತಿರಾಜ್‌ಗೆ ತಿಳಿಯುತ್ತದೆ, ಫೀಚರ್ ಹೋಗುತ್ತದೆ, ಹನ್ನೊಂದು ಜನರೂ ಹೋಗುತ್ತಾರೆ. ಮುಕ್ತಾಯ ಮೂರು: ಹರಿಪ್ರಿಯಾ ಕೆಲಸ ಬಿಡುತ್ತಾಳೆ, ಫೋನ್ ಬಿಡುವುದಿಲ್ಲ. ಯಾವುದನ್ನು ಬರೆಯಲೂ ನನಗೆ ಕೈ ಬರುತ್ತಿಲ್ಲ.

“ಹಂಗಾರೆ ನಿಮ್ ನಂಬರ್ ಕೊಡಿ,” ಎಂದಳು ಹರಿಪ್ರಿಯಾ, ನನ್ನ ಕಡೆ ತಿರುಗಿ.

ನನಗೂ ಕೆಲಸವಿದೆ ಅಂದೆ. ಹೇಳಿದ ಮೇಲೆ ನಾಚಿಕೆಯಾಯಿತು, ಆದರೂ ನಂಬರ್ ಕೊಡಲಿಲ್ಲ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಅದೇ ಕಷ್ಟ. ಫೋನನ್ನು ಮೇಜಿನ ನಡುವೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಕುಮಾರೇಶ ಅದನ್ನು ನೋಡುತ್ತಿದ್ದಾನೆ, ನಾನೂ ನೋಡುತ್ತಿದ್ದೇನೆ.

“ಯಾರಾನ ಮಾತಾಡ್ರಪ್ಪಾ,” ಎನ್ನುತ್ತಿದ್ದಾಳೆ ಕದಿರಮ್ಮ. “ಕಾಯಿ ಆಗ್ಲೇ ಕಿತ್ತಾಗೈತೆ.”