ಭಾವಂದೇ ನೋಡಿದ್ದು

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಕ್ಕ, ಭಾವ. ಭಾವ ಆಗಿನ್ನೂ ಹೊಸ ಮದುಮಗ. "ಇಬ್ಬರಿಗೆ ಬೇಯೋ ಅನ್ನ ಮೂವರಿಗೂ ಬೇಯತ್ತೆ, ಕರ್ಕೊಂಡ್ ಬಾ" ಎಂದು ತಾನಾಗಿಯೇ ಹೇಳಿದ್ದ. ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ ಅವನ ಅಂಗಿಯಲ್ಲಿ ಯಾವಾಗಲೂ ಬ್ರೆಡ್ಡಿನ ವಾಸನೆ. ನಾದಿನಿ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಅವಳಿಗೆ 'ಇಸ್ತ್ರಿ ಮೇಡಂ' ಎಂದು ಹೆಸರಿಟ್ಟಿದ್ದ.

ಲಾಂಡ್ರಿ ಇದ್ದದ್ದು ಮಹಡಿಯ ಮೇಲೆ. ಹೋಟೆಲುಗಳ ಹಾಸುಬಟ್ಟೆ ಬೆಳಕು ಹರಿಯುವಷ್ಟರಲ್ಲಿ ಮಡಚಿ ಸಿದ್ಧವಾಗಿರಬೇಕು. ಅವತ್ತು ಮುಂಜಾನೆ ಅವಳು ಹಬೆಗೆ ಬೆವೆತು ಕಿಟಕಿ ತೆಗೆದಳು. ಕೆಳಗೆ ಬೇಕರಿಯ ವ್ಯಾನು ಮೂಲೆ ತಿರುಗಿ ವೇಗವಾಗಿ ಹೋಯಿತು. ಹಿಂಬಾಗಿಲಿಗೆ ಹಗ್ಗ ಬಿಗಿದಿದ್ದರಿಂದ ಅದು ಭಾವ ಓಡಿಸುವ ವ್ಯಾನೇ ಎಂದು ಗುರುತು ಸಿಕ್ಕಿತು. ಒಳಗೆ ಕೂತವರು ಮೇಲಿನಿಂದ ಕಾಣುವಂತಿರಲಿಲ್ಲ. ಆಮೇಲೆ ಕೂಗಾಟ ಕೇಳಿತು. ಪೇಪರ್ ಮಾರುವ ಮುದುಕ ರಸ್ತೆಯಲ್ಲಿ ಬಿದ್ದಿದ್ದ. ಅವನು ಮತ್ತೆ ಏಳಲಿಲ್ಲ.

ಭಾವನನ್ನು ಮಧ್ಯಾಹ್ನವೇ ಹಿಡಿದುಕೊಂಡು ಹೋದರು. ಮಗುವಿಗೆ ಜ್ವರವಿದ್ದುದರಿಂದ ಅವನು ಆ ದಿನ ರಜೆ ಹಾಕಿ ಮನೆಯಲ್ಲೇ ಇದ್ದ. ಹಿಂದಿನ ಸಂಜೆಯೇ ಕೀಲಿಯನ್ನು ಬೇಕರಿ ಯಜಮಾನನ ಮಗನ ಕೈಗೆ ಕೊಟ್ಟು ಬಂದಿದ್ದ. ಯಜಮಾನ ಮಾತ್ರ "ನಮಗೆ ಯಾರೂ ಕೀಲಿ ಕೊಟ್ಟಿಲ್ಲ" ಎಂದುಬಿಟ್ಟ. ಗಂಡ ಮಗ್ಗುಲಲ್ಲೇ ಮಲಗಿದ್ದ ಎಂದು ಅಕ್ಕ ಹೇಳಿದರೆ ಹೆಂಡತಿಯ ಮಾತನ್ನು ಯಾರು ನಂಬುತ್ತಾರೆ?

"ಏನೂ ನೋಡಿಲ್ಲ ಅಂದ್ಬಿಡೇ" ಎಂದು ಅಕ್ಕ ಬೇಡಿಕೊಂಡಳು.

"ಗಾಡಿ ನೋಡಿದ್ದು ಪೊಲೀಸರಿಗೆ ಆಗಲೇ ಹೇಳಿದೀನಿ ಅಕ್ಕ. ಭಾವ ಮನೇಲಿದ್ರಲ್ಲ, ನಿಜ ಹೇಳೋಕ್ಕೆ ಭಯ ಯಾಕೆ?"

ಕನ್ನಡ ನಡೆಯದ ಊರು ಅದು; ಕೋರ್ಟಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ದುಭಾಷಿಯನ್ನು ಕರೆಸಿದ್ದರು. ಅಜ್ಜಿಯ ಬಾಯಿಂದ ಕಲಿತ ಕನ್ನಡ ಅವನದು; ಕಷ್ಟಪಟ್ಟು ಆಡುತ್ತಿದ್ದ. ಬೇಕರಿ ವ್ಯಾನು ಹೋದದ್ದನ್ನು ಅವಳು ಹೇಳಿದಳು. ಸರಿಯಾಗಿ ನೋಡಿದಿರಾ ಎಂದು ಸರ್ಕಾರಿ ವಕೀಲರು ಕೇಳಿದರು.

"ನೋಡ್ದೆ. ಭಾವಂದೇ ನೋಡಿದ್ದು."

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಭಾವನ ಪರ ಇದ್ದ ವಕೀಲರು ಅರ್ಧ ಎದ್ದವರು ಮತ್ತೆ ಕೂತರು. ಮನೆಯ ಹುಡುಗಿಯೇ ಹೀಗೆ ಹೇಳಿದ ಮೇಲೆ ಕೆದಕಿದಷ್ಟೂ ಕೇಡು ಎಂದುಕೊಂಡಿರಬೇಕು. ಮುಂದೆ ಎಲ್ಲರ ಬಾಯಲ್ಲೂ 'ಬ್ರದರ್ ಇನ್ ಲಾ, ಬ್ರದರ್ ಇನ್ ಲಾ' ಎಂಬ ಮಾತು ಓಡಾಡಿತು. ಭಾವ ಮನೆಯಲ್ಲಿದ್ದ ಮಾತು ಬಂತು, ಒಳ್ಳೆಯದೇ ಆಯಿತು ಎಂದು ಅವಳು ಅವನ ಕಡೆ ನೋಡಿ ನಕ್ಕಳು.

ಮೂರು ವರ್ಷ ಶಿಕ್ಷೆಯಾಯಿತು.

ಆ ಸಂಜೆ ಅಕ್ಕ ಬಾಗಿಲಲ್ಲೇ ತಡೆದು ನಿಂತಳು. "ಅವರನ್ನ ಕಣ್ಣಾರೆ ನೋಡ್ದೆ ಅಂದ್ಯಂತಲ್ಲೇ! ಉಂಡ ಮನೆಗೆ ಎರಡು ಬಗೆಯೋಕ್ಕೆ ನಿನಗೆ ನಾನೇ ಸಿಕ್ಕಿದ್ನಾ?"

"ಗಾಡಿ ಅಂದೆ ಅಕ್ಕ. ಅಮ್ಮನಾಣೆ, ಗಾಡಿ ಅಂದೆ."

"ಅಮ್ಮನ್ನ ಯಾಕೆ ಎಳೀತೀಯ? ಅವಳು ಪುಣ್ಯವಂತೆ, ಇದನ್ನೆಲ್ಲ ನೋಡ್ದೆ ಹೋದ್ಲು."

ಅವಳು ಲಾಂಡ್ರಿಯ ಹಿಂದಿನ ಕೋಣೆ ಸೇರಿದಳು. ತಾನು ಹೇಳಿದ್ದು ಒಂದು, ಆದದ್ದು ಇನ್ನೊಂದು. ನಡುವೆ ಏನು ನಡೆಯಿತೆಂದು ಕೇಳಲು ಅವಳಿಗೆ ಭಾಷೆಯೇ ಇರಲಿಲ್ಲ. ಕೆಲಸಗಾರರಿಗೆಂದು ನಡೆಯುತ್ತಿದ್ದ ಸಂಜೆಯ ಇಂಗ್ಲಿಷ್ ತರಗತಿಗೆ ಅದಕ್ಕೇ ಸೇರಿದಳು.

ಕಲಿಸುತ್ತಿದ್ದವರು ಸದಾ ಸೀನುತ್ತಿದ್ದ, ಕನ್ನಡ ಬಲ್ಲ ಒಬ್ಬ ಟೀಚರು; ಸೀಮೆಸುಣ್ಣ ಅವರಿಗೆ ಒಗ್ಗುತ್ತಿರಲಿಲ್ಲ. 'ನೋಡು' ಎಂಬ ಕ್ರಿಯಾಪದದ ಪಾಠ ನಡೆದಿತ್ತು. 'ಐ ಸಾ ಮೈ ಬ್ರದರ್' ಎಂದು ಬರೆದು, ಅದರ ಕೆಳಗೆ 'ಐ ಸಾ ಮೈ ಬ್ರದರ್ಸ್ ಕೋಟ್' ಎಂದು ಬರೆದರು. "ಮೊದಲನೇದರಲ್ಲಿ ಕಂಡಿದ್ದು ಅಣ್ಣ. ಎರಡನೇದರಲ್ಲಿ ಕಂಡಿದ್ದು ಕೋಟು; ಅಣ್ಣ ಅಲ್ಲಿ ಇರಬೇಕಂತಲೇ ಇಲ್ಲ. ಯಾವ ವಸ್ತು ಅಂತ ಮೊದಲೇ ಗೊತ್ತಿದ್ರೆ ಕೋಟ್ ಅನ್ನೋ ಮಾತನ್ನೂ ಬಿಡಬಹುದು. ಆದ್ರೆ ಆ 'ಸ್' ಮಾತ್ರ ಬಿಡಬಾರದು."

ಅವಳು ಕೈಯೆತ್ತಿದಳು. "ಟೀಚರ್, ಬ್ರದರ್ ಇನ್ ಲಾ ಅಂದ್ರೆ ಎಲ್ಲಿ ಬರತ್ತೆ ಅದು?"

"ಕೊನೇಲಿ. ಬ್ರದರ್ ಇನ್ ಲಾಸ್."

ಕೋರ್ಟಿನಲ್ಲಿ ಅಷ್ಟು ಸಲ ಕೇಳಿದ ಆ ಮಾತನ್ನು ಅವಳು ಮನಸ್ಸಿನಲ್ಲಿ ಮತ್ತೆ ಕೇಳಿದಳು. ಒಂದು ಸಲವೂ ಕೊನೆಯಲ್ಲಿ ಆ ಸದ್ದಿರಲಿಲ್ಲ. ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಟೀಚರು ಉಳಿದವರನ್ನು ಬೇಗ ಕಳಿಸಿ, ಇಡೀ ಕತೆ ಕೇಳಿ, ಮರುದಿನವೇ ತಮ್ಮ ಪರಿಚಯದ ವಕೀಲೆಯ ಬಳಿ ಕರೆದೊಯ್ದರು.

ಮೇಲಿನ ಕೋರ್ಟಿನಲ್ಲಿ ಅಂದಿನ ಧ್ವನಿಮುದ್ರಣವನ್ನು ಹಾಕಿ ಕೇಳಿಸುವಾಗ ವರ್ಷ ಕಳೆದಿತ್ತು. ಅವಳದೇ ದನಿ ಧೈರ್ಯವಾಗಿ ಹೇಳಿತು: ಭಾವಂದೇ ನೋಡಿದ್ದು. ದುಭಾಷಿಯನ್ನೂ ಕರೆಸಿದ್ದರು. ಅವನು ಎರಡು ಸಲ ಕೇಳಿಸಿಕೊಂಡು ಕಣ್ಣು ಮುಚ್ಚಿದ. "ನನ್ನ ಕಿವಿಗೆ 'ಭಾವನ್ನೇ' ಅಂತ ಬಿತ್ತು" ಎಂದ. ಹೊರಗೆ ಬಂದ ಮೇಲೆ ಅವಳ ಮುಂದೆ ಕೈಮುಗಿದ. ಅವಳೂ ಮುಗಿದಳು.

ಭಾವ ಬಿಡುಗಡೆಯಾಗಿ ಬಂದ. ಅಷ್ಟರಲ್ಲಿ ಅವನ ತಾಯಿ ಮಗನ ದಾರಿ ಕಾಯುತ್ತಲೇ ತೀರಿಹೋಗಿದ್ದರು. ಕೂಸಿಗೆ ಅಪ್ಪನ ಗುರುತಿರಲಿಲ್ಲ, ಎತ್ತಿಕೊಂಡರೆ ಚೀರುತ್ತಿತ್ತು. ಅವನು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಮುದುಕನ ಸಾವಿಗೆ ಯಾರೂ ಹೊಣೆಯಾಗಲಿಲ್ಲ.

ಒಂದು ಭಾನುವಾರ ಭಾವ ಲಾಂಡ್ರಿಗೆ ಬಂದ. ಬಗಲಲ್ಲಿ ಅವಳ ಹಾಸಿಗೆ, ಕೈಯಲ್ಲಿ ಬಟ್ಟೆಗಂಟು. ಅವಳು ಓಡಿಹೋಗಿ ಇಳಿಸಿಕೊಂಡಳು.

"ಅಕ್ಕ ಕರೀತಾಳೇನೋ ಅಂದ್ಕೊಂಡಿದ್ದೆ ಭಾವ."

ಅವನು ಇಸ್ತ್ರಿ ಮೇಜಿನ ಅಂಚು ಹಿಡಿದು ನಿಂತ. ಬಹಳ ಸಣ್ಣಗಾಗಿದ್ದ. "ನನಗೆ ನಿನ್ನ ಮೇಲೆ ಸಿಟ್ಟಿಲ್ಲಮ್ಮ. ಅವಳಿಗೂ ಎಲ್ಲಾ ಗೊತ್ತು, ನಾನೇ ಬಿಡಿಸಿ ಹೇಳ್ದೆ. ಗೊತ್ತಾಗೋದು ಬೇರೆ, ಮನಸ್ಸು ತಿರುಗೋದು ಬೇರೆ. ಕೋರ್ಟು ಅವಳ ಮಾತು ಬಿಟ್ಟು ನಿನ್ನ ಮಾತು ನಂಬ್ತಲ್ಲ, ಅದು ಅವಳಿಗೆ ಹೊಟ್ಟೇಲಿ ಮುಳ್ಳಾಗಿದೆ."

"ಬಂದು ಕಾಲು ಹಿಡ್ಕೊಳ್ಲಾ?"

"ಬೇಡ. ನಿನ್ನ ನೋಡಿದ್ರೆ ಅವಳಿಗೆ ಆ ದಿನ ವಾಪಸ್ ಬರತ್ತೆ. ಸದ್ಯ ಬರಬೇಡ."

ಅವಳು ತಲೆಯಾಡಿಸಿದಳು. ಕೂತ್ಕೊಳ್ಳಿ ಎಂದಳು. ಅವನು ಕೂರಲಿಲ್ಲ. ಮೆಟ್ಟಿಲನ್ನು ಒಂದೊಂದೇ ಗೋಡೆ ಹಿಡಿದು ಇಳಿದ. ಅವಳು ಬಟ್ಟೆಗಂಟು ಬಿಚ್ಚಿದಳು. ಅಕ್ಕ ಎಲ್ಲವನ್ನೂ ಒಗೆದು, ಹರಿದಲ್ಲಿ ಹೊಲಿದು, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದಳು. ತಂಗಿಯ ಒಂದು ಸೀರೆಯನ್ನೂ ತನ್ನ ಬಳಿ ಉಳಿಸಿಕೊಂಡಿರಲಿಲ್ಲ.